ಲಾಂಡ್ರಿಯ ಬೆನ್ನುಗಳು ಮತ್ತು ಎಷ್ಟಮ್ಮ

ಬೀದಿದೀಪಗಳು ಇನ್ನೂ ಆರಿಲ್ಲ. ಆಸ್ಪತ್ರೆಯ ಹಿಂಬದಿಯ ಗೇಟಿನಲ್ಲಿ ಹಾಲಿನ ವ್ಯಾನು ನಿಂತಿದೆ. ರಾತ್ರಿ ಪಾಳಿಯ ನರ್ಸುಗಳು ಆಕಳಿಸುತ್ತ ಹೊರಗೆ ಬರುತ್ತಿದ್ದಾರೆ. ಅವರಿಗೆ ಎದುರಾಗಿ, ಹೆಗಲಿಗೆ ಬಟ್ಟೆಯ ಚೀಲ ಹಾಕಿಕೊಂಡ ಹೆಂಗಸೊಬ್ಬಳು ಇಳಿಜಾರಿನಲ್ಲಿ ಸರಸರನೆ ಇಳಿದು ನೆಲಮಾಳಿಗೆಗೆ ಹೋಗುತ್ತಾಳೆ. ಅಲ್ಲಿರುವುದು ಲಾಂಡ್ರಿ. ಇಡೀ ಆಸ್ಪತ್ರೆಯ ಹಾಸಿಗೆ ಬಟ್ಟೆಗಳು, ದಿಂಬಿನ ಚೀಲಗಳು, ಆಪರೇಷನ್ ಕೋಣೆಯ ಹಸಿರು ಬಟ್ಟೆಗಳು ಬಂದು ಬೀಳುವುದು ಇಲ್ಲಿಗೇ. ಕಬ್ಬಿಣದ ಬಾಗಿಲ ಸಂದಿಯಿಂದ ಬಿಸಿ ಹಬೆ, ಸೋಪಿನ ವಾಸನೆ, ಯಂತ್ರಗಳ ಗುಡುಗುಡು ಸದ್ದು ಒಟ್ಟಿಗೇ ಹೊರಗೆ ನುಗ್ಗುತ್ತವೆ.

ಆಕೆ ಬಾಗಿಲ ತನಕ ಬಂದು ನಿಲ್ಲುತ್ತಾಳೆ. ಒಳಗೆ ಹೋಗುವುದಿಲ್ಲ. ಚೀಲದಿಂದ ಒಂದು ಬಿಳಿಯ ಸ್ಕೇಲು ತೆಗೆದು, ಅಲ್ಲೇ ಕಾದಿದ್ದ ಇನ್ನೊಬ್ಬ ಹೆಂಗಸಿನ ಕೈಗೆ ಕೊಡುತ್ತಾಳೆ. ಆ ಹೆಂಗಸಿನ ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ. ಅವಳು ಒಳಗೆ ಹೋಗಿ ಬಾಗಿಲು ಎಳೆದುಕೊಂಡ ಮೇಲೆ ಈಕೆ ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂರುತ್ತಾಳೆ, ಏಳುತ್ತಾಳೆ, ಮತ್ತೆ ಕೂರುತ್ತಾಳೆ. ಹೆರಿಗೆ ಕೋಣೆಯ ಹೊರಗೆ ಕಾಯುವ ಗಂಡಸರ ಹಾಗೆ.

“ಬಾಗಿಲಿಗೆ ಕಿವಿ ಕೊಡಬಾರದು ಅಂತ ನನಗೆ ನಾನೇ ಹೇಳ್ಕೊಂಡಿದೀನಿ,” ಎನ್ನುತ್ತಾಳೆ. “ಕೊಟ್ರೂ ಏನೂ ಕೇಳ್ಸಲ್ಲ ಬಿಡಿ, ಮೆಷಿನ್ನು ಅಷ್ಟು ಬಡ್ಕೊಳ್ಳತ್ತೆ.”

ಒಳಗೆ ಬಟ್ಟೆ ಒಗೆಯುವ, ಮಡಿಸುವ ಹೆಂಗಸರು ತಮ್ಮ ಬೆನ್ನು ಇವತ್ತು ಎಷ್ಟು ನೋಯುತ್ತಿದೆ ಎಂದು ಆ ಸ್ಕೇಲಿನ ಮೇಲೆ ತೋರಿಸುತ್ತಿದ್ದಾರೆ. ಈ ವರ್ಷದ ಮಟ್ಟಿಗೆ ಇದೇ ಕೊನೆಯ ಸಲ. ಅವರು ತೋರಿಸಿದ್ದನ್ನು ನೋಡಿಯೇ ಆಕೆಯ ಕೆಲಸಕ್ಕೆ ಮುಂದೆ ಹಣ ಕೊಡಬೇಕೋ ಬೇಡವೋ ಎಂದು ಒಂದು ಸಮಿತಿ ತೀರ್ಮಾನಿಸುತ್ತದೆ. ಬೇಡ ಎಂದರೆ ಈ ಸ್ಕೇಲು, ಈ ಬೆಂಚು, ವರ್ಷಗಟ್ಟಲೆ ಕಟ್ಟಿಕೊಂಡು ಬಂದದ್ದು ಎಲ್ಲವೂ ಅರ್ಧದಲ್ಲೇ ನಿಲ್ಲುತ್ತದೆ.

ಲಾಂಡ್ರಿಯಲ್ಲಿ ಆಕೆಗೆ ಎಷ್ಟಮ್ಮ ಎಂದು ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ, ಅದರ ಮುಂದೆ ಡಾಕ್ಟರ್ ಎಂಬ ಕೊಂಬೂ ಇದೆ. ಆದರೆ ಬಂದ ಹೊಸತರಲ್ಲಿ ಕಂಡಕಂಡವರನ್ನೆಲ್ಲ ನಿಲ್ಲಿಸಿ “ಇವತ್ತು ಎಷ್ಟು?” ಎಂದು ಕೇಳುತ್ತಿದ್ದಳಲ್ಲ, ಅದೇ ಅಂಟಿಕೊಂಡಿತು.

“ತರಕಾರಿ ಕೊಳ್ಳೋಕೆ ಬಂದವಳ ಥರ ಎಷ್ಟು, ಎಷ್ಟು ಅಂತಿದ್ಲು,” ಎಂದು ನಗುತ್ತಾಳೆ ದೊಡ್ಡಕ್ಕ. ಲಾಂಡ್ರಿಯಲ್ಲಿ ಎಲ್ಲರಿಗಿಂತ ಹಳಬಳು ಅವಳು, ಎಲ್ಲರ ಬಾಯಿ ಮುಚ್ಚಿಸುವವಳೂ ಅವಳೇ. “ಬೆನ್ನಿಗೆಲ್ಲ ರೇಟು ಕಟ್ತಾರೇನೇ ಅಂತ ನಾನೇ ಬೈದಿದ್ದೆ.”

ಎಷ್ಟಮ್ಮ ಮೊದಲು ಇದೇ ಆಸ್ಪತ್ರೆಯ ಮೇಲಿನ ಅಂತಸ್ತಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದಳು. ಬೆನ್ನು ಹಿಡಿದುಕೊಂಡು ಬಂದವರಿಗೆ ವ್ಯಾಯಾಮ ಹೇಳಿಕೊಡುವುದು, ಭಾರ ಎತ್ತಬೇಡಿ ಎಂದು ಬುದ್ಧಿ ಹೇಳುವುದು ಅವಳ ಕೆಲಸ. ಒಂದು ದಿನ ದೊಡ್ಡಕ್ಕ ಬಂದಿದ್ದಳು. ಬುದ್ಧಿಮಾತನ್ನೆಲ್ಲ ತಲೆಯಾಡಿಸುತ್ತ ಕೇಳಿ, ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, “ಭಾರ ಎತ್ತಬೇಡ ಅಂತೀಯಲ್ಲ ತಾಯಿ, ಕೆಳಗೆ ಒದ್ದೆ ಬಟ್ಟೆ ಗಾಡಿ ಬಂದು ನಿಂತಿದೆ. ನೀನು ಬಂದು ಖಾಲಿ ಮಾಡ್ತೀಯಾ?” ಎಂದಳು. ಕುಹಕವೇನಿರಲಿಲ್ಲ, ನಿಜವಾಗಿಯೂ ಕೇಳಿದ್ದಳು. ಅವತ್ತು ಮಧ್ಯಾಹ್ನವೇ ಎಷ್ಟಮ್ಮ ಮೊದಲ ಸಲ ನೆಲಮಾಳಿಗೆಗೆ ಇಳಿದದ್ದು. ಆಮೇಲೆ ಮತ್ತೆ ಓದಿ, ವಾಸಿಯಾಗದೆ ಉಳಿಯುವ ನೋವಿನ ಮೇಲೆ ಪಿಎಚ್‌ಡಿ ಮಾಡಿಕೊಂಡು, ಸಂಶೋಧಕಿಯಾಗಿ ಇಲ್ಲಿಗೇ ಬಂದಳು.

ಗಾಯ ಮಾಯ್ದು ಹೋದ ಮೇಲೂ ಹೋಗದ ನೋವು ಒಂದಿದೆ. ಎಕ್ಸ್‌ರೇ ತೆಗೆದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಹಾಗಾಗಿ ಮನೆಯವರು ನಂಬುವುದಿಲ್ಲ, ಕೆಲವು ಸಲ ಡಾಕ್ಟರೂ ನಂಬುವುದಿಲ್ಲ. “ಕರೆಗಂಟೆ ಕೆಟ್ಟುಹೋಗಿರತ್ತೆ,” ಎಂದು ಎಷ್ಟಮ್ಮ ಅದನ್ನು ಹೆಂಗಸರಿಗೆ ವಿವರಿಸುತ್ತಾಳೆ. “ಬಾಗಿಲ ಹತ್ತಿರ ಯಾರೂ ಇರಲ್ಲ, ಆದ್ರೂ ಗಂಟೆ ಹೊಡ್ಕೊಳ್ತಾನೇ ಇರತ್ತೆ. ಗಂಟೆ ಸದ್ದು ಸುಳ್ಳಲ್ಲ. ಕೇಳೋರ ಕಿವಿ ನೋಯೋದೂ ಸುಳ್ಳಲ್ಲ.”

ಸಂಶೋಧನೆ ಎಂದರೆ ಗಾಜಿನ ನಳಿಗೆ, ಬಿಳಿ ಕೋಟು ಎಂದುಕೊಂಡವರು ಆಕೆಯ ಕೋಣೆಯನ್ನು ನೋಡಬೇಕು. ಹರಿದ ಬಟ್ಟೆಗಳನ್ನು ತುಂಬಿಡುತ್ತಿದ್ದ ಗೂಡು ಅದು. ಕಿಟಕಿ ಇಲ್ಲ. ಒಂದು ಮೇಜು, ಒಂದು ಕಂಪ್ಯೂಟರು, ಎತ್ತರಿಸಿದರೆ ತಾನಾಗಿಯೇ ಕೆಳಗಿಳಿಯುವ ಒಂದು ಕುರ್ಚಿ. ಅತಿ ಮುಖ್ಯವಾದ ಉಪಕರಣವೆಂದರೆ ಆ ಸ್ಕೇಲು. ಅದರ ಮೇಲೆ ಜಾರುವ ಕೆಂಪು ಗುಂಡಿ ಇದೆ. ಒಂದು ತುದಿಯಲ್ಲಿ ‘ನೋವೇ ಇಲ್ಲ’, ಇನ್ನೊಂದು ತುದಿಯಲ್ಲಿ ‘ತಡೆಯಲಾರೆ’. ನಡುವೆ ಬರೀ ಒಂದು ಗೆರೆ. ನೋವಿರುವವರು ಗುಂಡಿಯನ್ನು ತಮಗೆ ಸರಿ ಎನಿಸಿದ ಕಡೆಗೆ ಜಾರಿಸುತ್ತಾರೆ. ಸಂಖ್ಯೆಗಳು ಇರುವುದು ಹಿಂಬದಿಗೆ, ಅವು ಕಾಣುವುದು ಕೇಳುವವರಿಗೆ ಮಾತ್ರ.

ಆಕೆ ಕಂಡುಕೊಂಡದ್ದೂ ಲಾಂಡ್ರಿಯ ಕೆಲಸದೊಳಗಿಂದಲೇ ಬಂದದ್ದು. ನೋವು ಏರಿದ ಮೇಲೆ ಕೂರುವುದಲ್ಲ, ಏರುವ ಮೊದಲೇ ಸ್ವಲ್ಪ ಕೂರಬೇಕು ಎಂಬುದು ಪುಸ್ತಕದಲ್ಲಿರುವ ಮಾತು. ಮೇಲ್ವಿಚಾರಕನನ್ನು ಕಾಡಿ ಬೇಡಿ ಸ್ಟೂಲು ಹಾಕಿಸಿದಳು. ಯಾರೂ ಕೂರಲಿಲ್ಲ. ಸ್ಟೂಲಿನ ಮೇಲೆ ಸೋಪಿನ ಡಬ್ಬ ಬಂದು ಕೂತಿತು. ತನ್ನ ಬೆನ್ನಿಗೋಸ್ಕರ ಕೆಲಸ ನಿಲ್ಲಿಸುವುದೆಂದರೆ ಆ ಹೆಂಗಸರಿಗೆ ಕಳ್ಳತನ ಮಾಡಿದಷ್ಟು ಸಂಕೋಚ. ಆದರೆ ದೊಡ್ಡ ಬಟ್ಟೆಗಳನ್ನು ಮಡಿಸುವುದಕ್ಕೆ ಇಬ್ಬರು ಬೇಕು. ಆ ತುದಿಗೊಬ್ಬಳು, ಈ ತುದಿಗೊಬ್ಬಳು. ಎದುರಿನವಳ ಮುಖ ಯಾವಾಗ ಬಿಗಿಯಾಯಿತು, ತುಟಿ ಯಾವಾಗ ಕಚ್ಚಿಕೊಂಡಳು ಎಂಬುದು ಈಚೆಯವಳಿಗೆ ಚೆನ್ನಾಗಿ ಕಾಣುತ್ತದೆ. ಎಷ್ಟಮ್ಮ ನಿಯಮವನ್ನೇ ಬದಲಿಸಿದಳು. ನಿನ್ನ ಬೆನ್ನನ್ನು ನೀನು ನೋಡಬೇಡ, ಜೋಡಿಯ ಬೆನ್ನನ್ನು ನೋಡು. ಅವಳಿಗೆ ಸಾಕಾಯಿತು ಅಂತ ಕಂಡರೆ ನೀನು ‘ನಿಲ್ಲು’ ಅನ್ನು, ಇಬ್ಬರೂ ಸ್ವಲ್ಪ ಕೂರಿ.

ಈಗ ಲಾಂಡ್ರಿಯ ತುಂಬ ಆ ಮಾತು ಕೇಳುತ್ತದೆ. “ನಿಲ್ಲೇ, ಮೂತಿ ಸೊಟ್ಟ ಆಯ್ತು ನಿಂದು.” “ನಿಂಗೇ ಆಗಿರೋದು, ನನ್ನ ಹೆಸರಲ್ಲಿ ಕೂರ್ತೀಯಾ?” ಹೀಗೆ ಕಿತ್ತಾಡುತ್ತಲೇ ಇಬ್ಬರೂ ಕೂರುತ್ತಾರೆ. ಸೋಪಿನ ಡಬ್ಬ ನೆಲಕ್ಕಿಳಿದಿದೆ.

ಕಂಡುಕೊಂಡದ್ದು ಚೆಂದವಾಗಿರಬಹುದು. ಅದು ನಿಜವೆಂದು ಸಾಧಿಸುವುದಕ್ಕೆ ಕಾಲ ಬೇಕು, ಕಾಲಕ್ಕೆ ಹಣ ಬೇಕು. ಹೊಸ ಸಂಶೋಧಕರ ಬದುಕು ಬಾಡಿಗೆ ಮನೆಯವರ ಬದುಕಿದ್ದ ಹಾಗೆ, ಮಾಲೀಕ ಕೆಮ್ಮಿದರೂ ಎದೆ ಝಲ್ಲೆನ್ನುತ್ತದೆ. ಒಂದು ಅನುದಾನ ಸಿಕ್ಕ ದಿನವೇ ಇದು ಮುಗಿದ ಮೇಲೆ ಏನು ಎಂಬ ಯೋಚನೆ ಹತ್ತಿಕೊಳ್ಳುತ್ತದೆ.

“ಮೊದಲು ಏನಾದ್ರೂ ಮಾಡಿ ತೋರ್ಸಿ, ಆಮೇಲೆ ಕೊಡ್ತೀವಿ ಅಂತಾರೆ. ತೋರ್ಸೋಕೇ ತಾನೆ ಕೇಳ್ತಿರೋದು ಅಂದ್ರೆ ನಗ್ತಾರೆ,” ಎನ್ನುತ್ತಾಳೆ ಎಷ್ಟಮ್ಮ. “ಅದರಲ್ಲೂ ನೋವು ಅಂದ್ರೆ ಇನ್ನೂ ಕಷ್ಟ. ಹೃದಯ ಅನ್ನಿ, ಕ್ಯಾನ್ಸರ್ ಅನ್ನಿ, ಎದ್ದು ಕೂತು ಕೇಳ್ತಾರೆ. ನೋವು ಅಂದ್ರೆ ‘ಅಯ್ಯೋ ನಂಗೂ ಇದೆ’ ಅಂತಾರೆ. ಅಲ್ಲಿಗೆ ಮಾತು ಮುಗೀತು.”

ವಾಸಿಯಾಗದ ನೋವಿನ ಬಗ್ಗೆ ಕೆಲಸ ಮಾಡುವ ಹೊಸಬರಿಗೆಂದೇ ಹಣ ಕೊಡುವ ಟ್ರಸ್ಟ್ ಒಂದಿದೆ. ಪಿಎಚ್‌ಡಿ ಮುಗಿದು ಕೆಲವೇ ವರ್ಷಗಳಾದವರು ಮಾತ್ರ ಅರ್ಜಿ ಹಾಕಬಹುದು. ಹೆರಿಗೆಗೆಂದು ಮನೆಯಲ್ಲಿ ಕೂತ ವರ್ಷವನ್ನೂ ಟ್ರಸ್ಟಿನವರು ಆ ಲೆಕ್ಕಕ್ಕೆ ಸೇರಿಸಿದ್ದರಿಂದ ಎಷ್ಟಮ್ಮನಿಗೆ ಕಳೆದ ಸಲವೇ ಕಡೆಯ ಅವಕಾಶವಾಗಿತ್ತು. ಆಗ ಕೈಯಲ್ಲಿದ್ದ ಸಣ್ಣ ಅನುದಾನ ಮುಗಿಯುತ್ತ ಬಂದಿತ್ತು. ಅರ್ಜಿ ಮೊದಲ ಸುತ್ತು ದಾಟಿತು. ಸಮಿತಿಯವರು ಲಾಂಡ್ರಿಯನ್ನು ಕಣ್ಣಾರೆ ನೋಡಲು ಬರುತ್ತೇವೆ ಎಂದರು. ಅದೇ ಹೊತ್ತಿಗೆ ಊರ ನಡುವಿನ ಖಾಸಗಿ ಕ್ಲಿನಿಕ್ಕಿನಿಂದ ಕರೆ ಬಂತು. ಖಾಯಂ ಕೆಲಸ, ನಿಗದಿತ ವೇಳೆ. ಆದರೆ ತೀರ್ಮಾನ ಬೇಗ ತಿಳಿಸಬೇಕು.

ಮನೆಯಲ್ಲಿ ಗಂಡ, ಪುಟ್ಟ ಮಗಳು, ಅತ್ತೆ ಇದ್ದಾರೆ. ಗಂಡ ಮುದ್ರಣಾಲಯದಲ್ಲಿ ಯಂತ್ರ ನಡೆಸುವವನು. ದನಿ ಎತ್ತುವವನಲ್ಲ. “ನಿನ್ನ ಕೆಲಸ ದೊಡ್ಡದೇ ಕಣೆ. ಒಂದು ಕಾಲಾದ್ರೂ ಗಟ್ಟಿ ನೆಲದ ಮೇಲೆ ಇರ್ಲಿ ಅಂತೀನಿ, ಅಷ್ಟೇ,” ಎನ್ನುತ್ತಿದ್ದ. ಹಾಗೆಂದು ತಟ್ಟೆ ತೊಳೆಯಲು ಏಳುತ್ತಿದ್ದ. ಜಗಳವಾಡಿದ್ದರೆ ತಿರುಗಿಸಿ ಒಂದು ಮಾತು ಆಡಬಹುದಿತ್ತು. ಮೆತ್ತಗಿನ ಮಾತು ಮಾತ್ರ ಇಡೀ ದಿನ ಬೆನ್ನು ಹತ್ತುತ್ತಿತ್ತು. ಮಗಳ ತಲೆ ಬಾಚುವಾಗಲೂ ಸಮಿತಿ, ಸೊಪ್ಪು ಬಿಡಿಸುವಾಗಲೂ ಸಮಿತಿ. ಸೊಪ್ಪನ್ನು ಕಸಕ್ಕೆ ಹಾಕಿ ಕಡ್ಡಿಯನ್ನು ಪಾತ್ರೆಗೆ ಹಾಕಿದ ದಿನವೂ ಉಂಟು.

ಆ ದಿನಗಳಲ್ಲೇ ಲಾಂಡ್ರಿಯಲ್ಲಿ ಅವಳ ಬಾಯಿಂದ ಒಂದು ಮಾತು ಜಾರಿತು. ಯಾಕೆ ಇಷ್ಟು ಬಾಡಿದ್ದೀಯ ಎಂದು ದೊಡ್ಡಕ್ಕ ಕೇಳಿದ್ದಳು. ಕೇಳುವವರಿಲ್ಲದೆ ಕಾದಿದ್ದ ಮನಸ್ಸು. “ಇನ್ನೊಂದಿಷ್ಟು ದಿನ ಬಿಟ್ಟು ಸಮಿತಿಯವರು ಬರ್ತಾರೆ, ದೊಡ್ಡಕ್ಕ. ಅವರು ಒಪ್ಪದೇ ಇದ್ರೆ ಮುಂದಿನ ತಿಂಗಳಿಂದ ನಾನು ಬರಲ್ಲ,” ಎಂದುಬಿಟ್ಟಳು. ದೊಡ್ಡಕ್ಕ ಸೆರಗಿನಿಂದ ಕೈ ಒರೆಸಿಕೊಂಡು ಒಳಗೆ ಹೋದಳು.

ಸಮಿತಿ ಬರುವ ಮೊದಲಿನ ವಾರ ಎಷ್ಟಮ್ಮ ಎಂದಿನಂತೆ ಸ್ಕೇಲು ಹಿಡಿದು ಹೊರಟಳು. ಮೊದಲನೆಯವಳು ಗುಂಡಿಯನ್ನು ‘ನೋವೇ ಇಲ್ಲ’ದ ಹತ್ತಿರಕ್ಕೆ ಜಾರಿಸಿದಳು. ಎರಡನೆಯವಳೂ ಹಾಗೆಯೇ ಮಾಡಿದಳು. ಜೋಡಿ ಜೋಡಿಯಾಗಿ ಬಂದವರೆಲ್ಲ ಕೆಳಕ್ಕೆ, ಕೆಳಕ್ಕೆ ಜಾರಿಸುತ್ತ ಹೋದರು. ದೊಡ್ಡಕ್ಕನ ಗುಂಡಿಯಂತೂ ತುದಿಗೆ ಅಂಟಿಕೊಂಡಂತೆ ನಿಂತಿತು. ಎಷ್ಟಮ್ಮ ಹಿಂಬದಿಯ ಸಂಖ್ಯೆಗಳನ್ನು ನೋಡಿ ತನ್ನ ಕಣ್ಣನ್ನು ತಾನೇ ನಂಬಲಿಲ್ಲ. ಜೋಡಿ ಉಪಾಯ ಫಲಿಸಿತ್ತು. ಅವತ್ತು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಯಾರಿಗೂ ಕಾಣದ ಹಾಗೆ ಅತ್ತಳು. ಎಷ್ಟೋ ದಿನಗಳ ಮೇಲೆ ಹಾಸಿಗೆಗೆ ತಲೆ ಕೊಟ್ಟ ತಕ್ಷಣ ನಿದ್ದೆ ಬಂತು.

ಮರುದಿನ ಬೆಳಗ್ಗೆ ಹೊರಡುವಾಗ ಅತ್ತೆ ಅಡುಗೆಮನೆಯ ಗೋಡೆ ಹಿಡಿದುಕೊಂಡು ನಿಂತಿದ್ದರು. ಅವರಿಗೂ ಹಳೆಯ ಸೊಂಟನೋವು. “ಅತ್ತೆ, ಜಾಸ್ತಿ ಆಗಿದೆಯಾ ಇವತ್ತು?” ಎಂದು ಎಷ್ಟಮ್ಮ ಕೇಳಿದಳು.

“ಏನೂ ಇಲ್ಲ, ಏನೂ ಇಲ್ಲ. ನೀನು ಹೊರಡು. ಮಗೂನ ನಾನು ನೋಡ್ಕೋತೀನಿ.”

ಗೋಡೆಯ ಮೇಲಿನ ಬೆರಳುಗಳು ಬೆಳ್ಳಗಾಗಿದ್ದವು. ನೋವು ಇದೆ ಎಂದರೆ ಸೊಸೆ ಕೆಲಸ ಬಿಟ್ಟು ಮನೆಯಲ್ಲಿ ಕೂರಬೇಕಾಗುತ್ತದೆಂದು ಅತ್ತೆ ಇಲ್ಲ ಎನ್ನುತ್ತಿದ್ದಾರೆ. ಇದು ಅವಳಿಗೆ ಗೊತ್ತಿರದ ಸಂಗತಿಯಲ್ಲ, ದಿನವೂ ಗೊತ್ತಿದ್ದೂ ಹೊರಡುತ್ತಿದ್ದಳು. ಅವತ್ತು ಮಾತ್ರ ಚಪ್ಪಲಿಗೆ ಕಾಲು ತೂರಿಸುತ್ತಿದ್ದವಳು ಅಲ್ಲೇ ನಿಂತಳು. ಲಾಂಡ್ರಿಯವರೂ ಹೀಗೆಯೇ ಮಾಡಿದ್ದರೆ?

ಬಸ್ಸು ಇಳಿದು ಓಡಿಯೇ ಬಂದಳು. ದೊಡ್ಡಕ್ಕ ಒದ್ದೆ ಬಟ್ಟೆಯ ಗಾಡಿಯನ್ನು ತಳ್ಳುತ್ತಿದ್ದಳು. ತಳ್ಳುತ್ತಿದ್ದದ್ದು ಎಡ ಮೊಣಕೈಯಿಂದ, ಬಲಗೈ ಸೊಂಟದ ಮೇಲಿತ್ತು.

“ದೊಡ್ಡಕ್ಕ, ನಿನ್ನೆ ನೀನು ಗುಂಡಿ ಜಾರಿಸಿದ್ದು ನಿಜವಾ?”

“ಯಾಕೆ, ಕಡಿಮೆ ಆಯ್ತಾ? ಇನ್ನೂ ಆ ಕಡೆ ತಳ್ಳಬೇಕಿತ್ತಾ?”

“ನಿಜವಾ ಅಂತ ಕೇಳಿದೆ.”

ದೊಡ್ಡಕ್ಕ ಗಾಡಿ ನಿಲ್ಲಿಸಿದಳು. “ನಿಜ ತಗೊಂಡು ಏನು ಮಾಡ್ತೀಯ? ಆ ಸಮಿತಿಯವರಿಗೆ ವಾಸಿ ಆದೋರು ಬೇಕು ತಾನೆ? ಎಲ್ಲರಿಗೂ ನಾನೇ ಹೇಳ್ದೆ, ಒಂದು ವಾರ ವಾಸಿಯಾಗ್ರೇ ಅಂತ. ನಮ್ಮ ಕೈಲಿ ಆಗೋದು ಅಷ್ಟೇ ಅಲ್ವಾ?”

ಎಷ್ಟಮ್ಮ ಬಟ್ಟೆಯ ಗಂಟಿನ ಮೇಲೇ ಕೂತಳು. ಕೇಳಲು ಹೆದರಿಕೆಯಾಗುವ ಪ್ರಶ್ನೆ ಇನ್ನೊಂದಿತ್ತು. “ಹಾಗಾದ್ರೆ ಹಿಂದಿನದೆಲ್ಲ? ಅದೂ ಹೀಗೇನಾ?”

“ಛೇ, ಹಿಂದಿನದೆಲ್ಲ ನಿಜಾನೇ,” ಎಂದಳು ದೊಡ್ಡಕ್ಕ, ಅವಮಾನವಾದವಳ ಹಾಗೆ. “ಆಗ ನಿಂಗೆ ಕಷ್ಟ ಇದೆ ಅಂತ ನಮಗೇನು ಗೊತ್ತಿತ್ತು?”

ಆ ಮಾತಿನಿಂದ ಸಮಾಧಾನವಾಗಬೇಕಿತ್ತು. ಆಕೆಗೆ ಪಿಎಚ್‌ಡಿ ಮಾಡಿಸಿದ ಪ್ರೊಫೆಸರಿಗೆ ಫೋನು ಮಾಡಿದಾಗ ಅವರೂ ಸಮಾಧಾನವನ್ನೇ ಹೇಳಿದರು. ಆ ವಾರದ್ದನ್ನು ಸುಮ್ಮನೆ ಕೈಬಿಡು, ಹೇಳಲೇಬೇಕು ಅಂತ ಯಾರು ಹೇಳಿದರು, ಸಮಿತಿಯವರ ಎದುರಿಗೆ ನೀನೇ ಯಾಕೆ ಹಳ್ಳ ತೋಡಿಕೊಳ್ಳುತ್ತೀಯ ಎಂದರು ಅವರು. ಕೆಟ್ಟವರಲ್ಲ, ಅವಳ ಒಳ್ಳೆಯದಕ್ಕೇ ಹೇಳಿದ್ದರು. ಆದರೆ ಪ್ರೀತಿಯಿಂದ ಒಂದು ವಾರ ಸುಳ್ಳು ಹೇಳಬಲ್ಲವರು ಗೊತ್ತಿಲ್ಲದೆಯೇ ಉಳಿದ ವಾರಗಳಲ್ಲೂ ಒಂದು ಕೂದಲೆಳೆಯಷ್ಟು ಅವಳ ಕಡೆಗೆ ವಾಲಿರಲಿಲ್ಲ ಎಂದು ಹೇಗೆ ಹೇಳುವುದು? ದಿನಾ ಮಾತಾಡಿಸುವವಳು, ಮಕ್ಕಳ ಪರೀಕ್ಷೆ ವಿಚಾರಿಸುವವಳು, ಸ್ಟೂಲು ಹಾಕಿಸಿದವಳು ಎದುರಿಗೆ ಸ್ಕೇಲು ಹಿಡಿದು ನಿಂತರೆ ಯಾರ ಬೆರಳು ತಾನೆ ನೆಟ್ಟಗೆ ಹೋಗುತ್ತದೆ? ವರ್ಷಗಟ್ಟಲೆ ಸ್ನೇಹ ಗಳಿಸಿಕೊಂಡದ್ದೇ ತಪ್ಪಾಯಿತೇನೋ ಎನ್ನಿಸಿ ಅವಳಿಗೆ ದಿಗಿಲಾಯಿತು.

ಸಮಿತಿ ಬಂದ ದಿನ ಲಾಂಡ್ರಿಯ ನೆಲ ಎಂದೂ ಇಲ್ಲದಷ್ಟು ಹೊಳೆಯುತ್ತಿತ್ತು. ಹೆಂಗಸರೆಲ್ಲ ಬೆನ್ನು ನೆಟ್ಟಗೆ ಮಾಡಿಕೊಂಡು, ಫೋಟೋಕ್ಕೆ ನಿಂತವರ ಹಾಗೆ ನಿಂತಿದ್ದರು. ಹಾಗೆ ನಿಂತದ್ದಕ್ಕೇ ಎಷ್ಟು ನೋಯುತ್ತಿರಬಹುದೆಂದು ಎಷ್ಟಮ್ಮನಿಗೆ ಗೊತ್ತಿತ್ತು. ಸಮಿತಿಯ ಹಿರಿಯರು, ನರೆತ ಕೂದಲಿನ ದಪ್ಪ ಕನ್ನಡಕದ ಹೆಂಗಸು, “ಹೋದ ವಾರ ಎಲ್ಲರಿಗೂ ನೋವು ಕಡಿಮೆಯಂತೆ, ಇವರೇ ಹೇಳಿದರು. ನಿಮ್ಮ ಹೊಸ ಅಂಕಿಗಳು ತುಂಬ ಚೆನ್ನಾಗಿರಬೇಕು,” ಎಂದರು.

“ಅವನ್ನ ದಯವಿಟ್ಟು ಲೆಕ್ಕಕ್ಕೆ ತಗೋಬೇಡಿ ಮೇಡಂ,” ಎಂದಳು ಎಷ್ಟಮ್ಮ. “ನಂಗೆ ಈ ಹಣ ಬೇಕು ಅಂತ ಇವರಿಗೆ ನಾನೇ ಹೇಳಿಬಿಟ್ಟಿದ್ದೆ. ಅದಕ್ಕೆ ನೋವು ಕಡಿಮೆ ಇದೆ ಅಂತ ತೋರ್ಸಿದ್ರು. ತಪ್ಪು ಅವರದ್ದಲ್ಲ, ನಂದು.”

ದೊಡ್ಡಕ್ಕ, “ಹೋಗಿ ಹೋಗಿ ಇವಳಿಗೆ ಸಹಾಯ ಮಾಡಿದ್ವಲ್ಲ,” ಎಂದು ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ ಗೊಣಗಿದಳು. ಹಿರಿಯರು ಅವಳ ಕಡೆ ತಿರುಗಿ, ಯಾಕಮ್ಮ ಹಾಗೆ ಮಾಡಿದಿರಿ ಎಂದು ಕೇಳಿದರು.

“ಇಲ್ಲಿ ಎಲ್ಲರಿಗೂ ಜೋಡಿ ಇದೆ ಅಮ್ಮಾವ್ರೇ. ನಂಗೆ ಸುಸ್ತಾದ್ರೆ ನನ್ನ ಜೋಡಿ ನಿಲ್ಲು ಅಂತಾಳೆ, ಅವಳಿಗಾದ್ರೆ ನಾನು. ಆ ಹುಡುಗಿಗೆ ಯಾರಿದಾರೆ ಹೇಳಿ?”

ಹಿರಿಯರ ಮುಖದಲ್ಲಿ ಏನೂ ಕಾಣಿಸಲಿಲ್ಲ. ಬಂದವರು ಬಂದ ಹಾಗೆಯೇ ಹೋದರು.

ಆಮೇಲಿನದು ಬರೀ ಕಾಯುವ ಕಾಲ. ಟ್ರಸ್ಟಿನ ಉತ್ತರ ಬರುವ ಮೊದಲೇ ಕ್ಲಿನಿಕ್ಕಿನ ಗಡುವು ಬಂತು. ಎಷ್ಟಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಫೋನು ಮಾಡಿ, ಇನ್ನು ಸ್ವಲ್ಪ ದಿನ ಕೊಡಿ ಎಂದು ಕೇಳಿದಳು. ಆಗುವುದಿಲ್ಲ, ಬೇರೆಯವರು ಕಾಯುತ್ತಿದ್ದಾರೆ ಎಂದರು. “ಹಾಗಾದ್ರೆ ಬೇಡ ಸರ್,” ಎಂಬ ಮಾತು ಬಾಯಿಂದ ಹೊರಟ ಮೇಲೆಯೇ ಅದು ತನ್ನ ದನಿ ಎಂದು ಅವಳಿಗೆ ತಿಳಿದದ್ದು. ಅಲ್ಲೇ ಕೂತು ಅತ್ತಳು. ರೋಗಿಗಳನ್ನು ನೋಡಲು ಬಂದವರು ಸುತ್ತಿ ಬಳಸಿ ದಾಟಿಹೋದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅಳುವವರನ್ನು ಯಾರೂ ಏನೆಂದು ಕೇಳುವುದಿಲ್ಲ.

ಸಂಜೆ ಗಂಡನಿಗೆ ಹೇಳಿದಳು. ಅವನು ಬಹಳ ಹೊತ್ತು ಕೈಬೆರಳ ಶಾಯಿಯನ್ನು ಉಜ್ಜುತ್ತ ಕೂತಿದ್ದ. “ಹೇಳಿ ಆಯ್ತಾ?” ಎಂದ. ಆಯ್ತು ಎಂದಳು. “ಸರಿ, ಊಟಕ್ಕೆ ಬಾ,” ಎಂದ. ಕ್ಷಮಿಸಿದನೋ ಸೋತನೋ ಅವಳಿಗೆ ಗೊತ್ತಾಗಲಿಲ್ಲ, ಈಗಲೂ ಪೂರ್ತಿ ಗೊತ್ತಿಲ್ಲ. ಅತ್ತೆ ಮಾತ್ರ ಅವತ್ತು ಊಟವಾದ ಮೇಲೆ, ಯಾರೂ ಕೇಳದೆ, “ನಂಗೆ ಬೆಳಗ್ಗೆ ಹೊತ್ತು ತುಂಬಾ ನೋಯತ್ತೆ ಕಣೆ. ಮಗೂನ ಎತ್ಕೊಳ್ಳೋಕಾಗಲ್ಲ,” ಎಂದರು. ಆ ಮಾತಿಗೆ ಎಷ್ಟು ವರ್ಷಗಳಿಂದ ಬಾಯಿ ಇರಲಿಲ್ಲವೋ. ಆಮೇಲೆ ಗಂಡ ಮುದ್ರಣಾಲಯದಲ್ಲಿ ಮಧ್ಯಾಹ್ನದ ಪಾಳಿ ಕೇಳಿ ಹಾಕಿಸಿಕೊಂಡ. ಬೆಳಗ್ಗೆ ಮಗಳನ್ನು ಎಬ್ಬಿಸಿ ಹೊರಡಿಸುವುದು ಈಗ ಅವನದೇ ಕೆಲಸ. ಜಡೆ ಹಾಕಲು ಇನ್ನೂ ಬರುವುದಿಲ್ಲ.

ಟ್ರಸ್ಟಿನ ಉತ್ತರ ಬಂತು. ಕೇಳಿದಷ್ಟು ಕಾಲಕ್ಕೆ ಕೊಡುವುದಿಲ್ಲ, ಸದ್ಯಕ್ಕೆ ಒಂದು ವರ್ಷ. ಆ ವರ್ಷದಲ್ಲಿ ಜೋಡಿ ಉಪಾಯ ಫಲಿಸುತ್ತದೆ ಎಂದು ಕಂಡರೆ ಮುಂದಿನ ಮಾತು. ಒಂದು ಷರತ್ತೂ ಇತ್ತು. ಇನ್ನು ಮೇಲೆ ಸ್ಕೇಲು ಹಿಡಿಯುವವರು ಲಾಂಡ್ರಿಯವರಿಗೆ ಪರಿಚಯವೇ ಇಲ್ಲದವರಾಗಿರಬೇಕು. ಅಂಕಿಗಳನ್ನು ಎಷ್ಟಮ್ಮ ವರ್ಷದ ಕೊನೆಯ ತನಕ ನೋಡಬಾರದು, ಕೇಳುವ ಹೊತ್ತಿನಲ್ಲಿ ಒಳಗೂ ಇರಬಾರದು.

ಹೀಗೆ ಎಷ್ಟಮ್ಮನ ಕೈಯಿಂದ ಅವಳ ಹೆಸರಿನ ಪ್ರಶ್ನೆಯೇ ಹೋಯಿತು. ಅಂಚೆ ಕಚೇರಿಯಿಂದ ನಿವೃತ್ತಳಾದ ಹೆಂಗಸೊಬ್ಬಳು ಆ ಕೆಲಸಕ್ಕೆ ಬಂದಳು. ಏನು ತೋರಿಸಿದರೂ ಮುಖ ಬದಲಿಸಬಾರದು, ಹೂಂ ಎನ್ನಬಾರದು, ಅಯ್ಯೋ ಎನ್ನಬಾರದು ಎಂದು ಅವಳಿಗೆ ತಾಕೀತು. ಅವಳು ಅದನ್ನು ಎಷ್ಟು ಚೆನ್ನಾಗಿ ಪಾಲಿಸುತ್ತಾಳೆಂದರೆ ಲಾಂಡ್ರಿಯವರು ಅವಳಿಗೆ ಗೋಡೆಯಮ್ಮ ಎಂದು ಹೆಸರಿಟ್ಟಿದ್ದಾರೆ.

“ಗೋಡೆಗಾದ್ರೂ ಸುಣ್ಣ ಬಿದ್ದಾಗ ಕಳೆ ಬರತ್ತೆ,” ಎನ್ನುತ್ತಾಳೆ ದೊಡ್ಡಕ್ಕ. “ಇವಳಿಗೆ ಅದೂ ಇಲ್ಲ.”

ಒಂದು ವರ್ಷ ಎಂಬುದು ದೂರದಿಂದ ನೋಡಿದರೆ ಉದ್ದ, ಒಳಗೆ ಕಾಲಿಟ್ಟ ಮೇಲೆ ಗಿಡ್ಡ. ಬೆಳಗಿನ ಪಾಳಿಗೆ ಬಂದು ಹೆಂಗಸರ ಜೊತೆ ನಿಲ್ಲುವುದು, ಹೊಸಬರಿಗೆ ಜೋಡಿ ನೋಡುವುದು ಹೇಗೆಂದು ಕಲಿಸುವುದು, ಮಧ್ಯಾಹ್ನ ಗೂಡಿನಲ್ಲಿ ಕೂತು ಬರೆಯುವುದು, ನಡುನಡುವೆ ಮುಂದಿನ ಹಣಕ್ಕೆ ಬೇರೆ ಬಾಗಿಲುಗಳನ್ನು ತಟ್ಟುವುದು. ವಾರಕ್ಕೊಮ್ಮೆ ಮಾತ್ರ ಹೀಗೆ ಹೊರಗೆ ಬೆಂಚಿನ ಮೇಲೆ. ಒಳಗೆ ಗುಂಡಿ ಯಾವ ಕಡೆಗೆ ಜಾರುತ್ತಿದೆಯೋ ತಿಳಿಯದು. ಈ ನಡುವೆ ದೊಡ್ಡಕ್ಕ ಗಾಡಿ ತಳ್ಳುವಾಗ ಮತ್ತೆ ಸೊಂಟ ಹಿಡಿದುಕೊಂಡದ್ದನ್ನು ಕಂಡಿದ್ದಾಳೆ. ಒದ್ದೆ ಬಟ್ಟೆಯ ಹೊರೆ ಜಾಸ್ತಿಯಾಗಿದೆ, ಇಬ್ಬರು ಕೆಲಸ ಬಿಟ್ಟಿದ್ದಾರೆ. ಉಪಾಯ ನಿಜಕ್ಕೂ ಫಲಿಸುತ್ತಿದೆಯೋ, ತನ್ನ ಆಸೆಯೇ ಹಾಗೆ ತೋರಿಸುತ್ತಿದೆಯೋ? ಗಂಡನನ್ನು ಕೇಳಲಾರಳು, ದೊಡ್ಡಕ್ಕನನ್ನು ಕೇಳಬಾರದು.

“ಒಮ್ಮೊಮ್ಮೆ ಅನ್ಸತ್ತೆ, ಸುಮ್ನೆ ಕ್ಲಿನಿಕ್ಕಿಗೆ ಹೋಗಬೇಕಿತ್ತು ಅಂತ,” ಎನ್ನುತ್ತಾಳೆ ಬೆಂಚಿನ ಅಂಚನ್ನು ಉಗುರಿನಿಂದ ಕೆರೆಯುತ್ತ. “ಅಲ್ಲಿ ಕೊನೇ ಪಕ್ಷ ರೋಗಿಗಳು ನಂಗೆ ಹೆದರ್ಕೊಂಡು ಸುಳ್ಳು ಹೇಳ್ತಿದ್ರು. ಇಲ್ಲಿ ಪ್ರೀತಿಗೆ ಹೇಳ್ತಾರೆ. ಅದನ್ನ ತಡ್ಕೊಳ್ಳೋದು ಕಷ್ಟ.”

ಕಬ್ಬಿಣದ ಬಾಗಿಲು ಕಿರುಗುಟ್ಟುತ್ತದೆ. ಗೋಡೆಯಮ್ಮ ಹೊರಗೆ ಬಂದು, ಸ್ಕೇಲನ್ನು ವಾಪಸು ಕೊಟ್ಟು, ಒಂದು ಮಾತೂ ಆಡದೆ ಮೇಲಿನ ಅಂತಸ್ತಿಗೆ ಹೋಗುತ್ತಾಳೆ. ಅಂಕಿಗಳು ಅವಳ ಜೊತೆಗೇ ಹೋದವು. ಸ್ಕೇಲಿನ ಗುಂಡಿಯನ್ನು ಅವಳು ನಡುವಿಗೆ ತಂದು ನಿಲ್ಲಿಸಿದ್ದಾಳೆ, ಅದೂ ನಿಯಮವೇ. ಎಷ್ಟಮ್ಮ ಅದನ್ನು ತಿರುವಿ ನೋಡುತ್ತಾಳೆ, ಅದರಲ್ಲಿ ಏನೂ ಉಳಿದಿರುವುದಿಲ್ಲ ಎಂದು ಗೊತ್ತಿದ್ದೂ.

ಗೋಡೆಯಮ್ಮನ ಹಿಂದೆಯೇ ದೊಡ್ಡಕ್ಕ ಕೈ ಒರೆಸಿಕೊಳ್ಳುತ್ತ ಬರುತ್ತಾಳೆ. ಎಷ್ಟಮ್ಮ ಎದ್ದು ನಿಲ್ಲುತ್ತಾಳೆ.

“ಕೂತ್ಕೋ. ಬೆಳಗ್ಗೆಯಿಂದ ಎದ್ದು ಕೂತು, ಎದ್ದು ಕೂತು ಬೆಂಚು ಸವೆಸಿರ್ತೀಯ,” ಎಂದು ದೊಡ್ಡಕ್ಕ ಅವಳ ಭುಜ ಒತ್ತಿ ಕೂರಿಸುತ್ತಾಳೆ. ತಾನೂ ಉಸ್ಸೆಂದು ಪಕ್ಕದಲ್ಲಿ ಕೂರುತ್ತಾಳೆ. “ನೋಡು, ಎಷ್ಟು ಅಂತ ಕೇಳಬೇಡ, ಹೇಳೋ ಹಾಗಿಲ್ಲ. ಆ ಗೋಡೆ ಮುಂದೆ ಆಣೆ ಇಟ್ಟಿದೀವಿ.”

“ಕೇಳಲ್ಲ.”

ಬಾಗಿಲು ತೆರೆದೇ ಇದೆ. ಒಳಗೆ ಯಾರೋ ಯಾರಿಗೋ ‘ನಿಲ್ಲೇ’ ಎಂದು ಗದರುವುದು ಯಂತ್ರದ ಸದ್ದಿನ ಮೇಲೂ ಕೇಳುತ್ತದೆ.

“ನಿಂಗೆ ಒಳ್ಳೇದಾಗತ್ತೋ ಕೆಟ್ಟದಾಗತ್ತೋ ನಂಗೊತ್ತಿಲ್ಲ ಮಗಳೇ,” ಎನ್ನುತ್ತಾಳೆ ದೊಡ್ಡಕ್ಕ. “ಗುಂಡಿ ಜಾರಿಸುವಾಗ ನಿನ್ನ ಮುಖ ಎಷ್ಟು ಸಲ ನೆನಪಾಯ್ತೋ.”

“ಆಮೇಲೆ?”

“ಆಮೇಲೇನು, ನಿನ್ನ ಮುಖ ಆಚೆ ಇಟ್ಟು, ನನ್ನ ಬೆನ್ನನ್ನೇ ಕೇಳ್ದೆ. ಅದು ಎಲ್ಲಿ ಅಂತೋ ಅಲ್ಲಿ ನಿಲ್ಲಿಸ್ದೆ.”

ಎಷ್ಟಮ್ಮ ಸ್ಕೇಲನ್ನು ಚೀಲದೊಳಗೆ ಹಾಕಿಕೊಳ್ಳುತ್ತಾಳೆ.

“ಅಷ್ಟು ಸಾಕು, ದೊಡ್ಡಕ್ಕ,” ಎನ್ನುತ್ತಾಳೆ.